‘ಅವರು ಮಗಳ ಹೆಸರೇ ಎತ್ತೋದಿಲ್ಲ ಮೇಡಂ’

ಪ್ರಶ್ನೆ: ಮೇಡಂ, ನಮ್ಮ ಮಗಳು ನಾಲ್ಕೂವರೆ ವರ್ಷದವಳಿದ್ದಾಗ ರಕ್ತದ ಕ್ಯಾನ್ಸರ್‌ನಿಂದ ಹೋಗಿಬಿಟ್ಟಳು. ಮೂರು ವರ್ಷ ಆಯಿತು. ಹತ್ತು ವರ್ಷದ ಮಗ ಇದ್ದಾನೆ. ನಮ್ಮ ಮನೆಯವರು ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಾರೆ. ಮೊದಲಿಂದಲೂ ಮಾತು ಕಮ್ಮಿ. ಮಗಳು ಹೋದ ವಾರಕ್ಕೇ ಡ್ಯೂಟಿಗೆ ಹೋದರು. ಆವತ್ತಿನಿಂದ ನನ್ನೆದುರು ಒಂದು ಸಲವೂ ಅತ್ತಿಲ್ಲ, ಅವಳ ಹೆಸರು ಎತ್ತಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಾರೆ. ಆದರೆ ಅವಳ ಪುಟ್ಟ ಸೈಕಲ್ಲಿಗೆ ಮಾತ್ರ ತಿಂಗಳಿಗೊಮ್ಮೆ ತಪ್ಪದೆ ಗಾಳಿ ಹೊಡೆಯುತ್ತಾರೆ, ಚೈನಿಗೆ ಎಣ್ಣೆ ಬಿಡುತ್ತಾರೆ. ಅದನ್ನು ಓಡಿಸುವವರು ಯಾರೂ ಇಲ್ಲ. ಸೈಕಲ್ ಮೇಲಿರುವ ಕಾಳಜಿ ಮಗಳ ಮೇಲೆ ಇರಲಿಲ್ಲವೇ ಅಂತ ಸಿಟ್ಟು ಬರುತ್ತದೆ.

ಹೋದ ತಿಂಗಳು ಇಬ್ಬರೂ ಕೂತು ‘ಫಸ್ಟ್ ಮ್ಯಾನ್’ ಸಿನಿಮಾ ನೋಡಿದೆವು. ಚಂದ್ರನ ಮೇಲೆ ಮೊದಲು ಇಳಿದ ನೀಲ್ ಆರ್ಮ್‌ಸ್ಟ್ರಾಂಗ್ ಕಥೆ. ಅವರ ಮಗಳೂ ಚಿಕ್ಕವಳಿದ್ದಾಗಲೇ ಸತ್ತದ್ದು ನನಗೆ ಗೊತ್ತಿರಲಿಲ್ಲ. ಕೊನೆಗೆ ಅವರು ಮಗಳ ಮಣಿ ಬ್ರೇಸ್‌ಲೆಟ್ಟನ್ನು ಚಂದ್ರನ ಗುಂಡಿಯೊಳಗೆ ಬಿಡುತ್ತಾರೆ. ಆ ಹೊತ್ತಿಗೆ ನಮ್ಮವರು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ತುಂಬಾ ಹೊತ್ತು ನೀರು ಹರೀತಾನೇ ಇತ್ತು. ಆಮೇಲೆ ಬಂದು ಸುಮ್ನೆ ಮಲಗಿದರು. ಆ ಬ್ರೇಸ್‌ಲೆಟ್ ಕಥೆ ನಿಜವಾ? ಹೀಗೆ ಒಳಗೇ ಇಟ್ಟುಕೊಂಡರೆ ಒಂದು ದಿನ ಒಡೆದು ಹೋಗುತ್ತಾರಾ? ಆರ್ಮ್‌ಸ್ಟ್ರಾಂಗ್ ಹೆಂಡತಿ ಕೊನೆಗೆ ಬಿಟ್ಟು ಹೋದರಂತೆ, ನಮಗೂ ಹಾಗೇ ಆಗುತ್ತದಾ? ನಾನು ಹಟ ಹಿಡಿದು ಮಾತಾಡಿಸಬೇಕಾ, ಬಿಟ್ಟುಬಿಡಬೇಕಾ?

ಉತ್ತರ: ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ನೀವು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಅವುಗಳ ಕೆಳಗೆ ಇನ್ನೊಂದಿದೆ: ‘ನನಗಾದಷ್ಟು ನೋವು ಇವರಿಗೆ ಆಗಲೇ ಇಲ್ಲವಾ?’ ಮಕ್ಕಳ ಕ್ಯಾನ್ಸರ್ ವಾರ್ಡುಗಳಲ್ಲಿ ತಂದೆತಾಯಿಯರ ಜೊತೆ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಗು ಹೋದ ಮೇಲೆ ತಾಯಂದಿರು ನನ್ನ ಹತ್ತಿರ ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಕೇಳಲು ಸಂಕೋಚಪಡಬೇಡಿ.

ಸಿನಿಮಾದ ವಿಷಯ ಮೊದಲು ಹೇಳುತ್ತೇನೆ. ಯಾಕೆಂದರೆ ಅದರಲ್ಲಿ ನಿಜ ಯಾವುದು, ಕಟ್ಟಿದ್ದು ಯಾವುದು ಅಂತ ಬಿಡಿಸಿ ನೋಡಿದರೆ ನಿಮ್ಮ ಮನೆಯ ವಿಷಯವೂ ಅರ್ಧ ಬಿಡಿಸಿಕೊಳ್ಳುತ್ತದೆ.

ಮಗಳ ಕಥೆ ಪೂರ್ತಿ ನಿಜ. ಹೆಸರು ಕರೆನ್. ಮನೆಯಲ್ಲಿ ಮಫಿ ಅಂತ ಕರೆಯುತ್ತಿದ್ದರು. ಹುಟ್ಟಿದ್ದು 1959ರ ಏಪ್ರಿಲ್ 13. ಎರಡು ವರ್ಷ ತುಂಬಿದ ಮೇಲೆ, 1961ರ ಜೂನಿನಲ್ಲಿ, ಸಿಯಾಟಲ್‌ನ ಪಾರ್ಕೊಂದರಲ್ಲಿ ಓಡುವಾಗ ಬಿದ್ದಳು. ಆಮೇಲೆ ಕಣ್ಣುಗಳು ಒಂದೇ ಕಡೆ ನಿಲ್ಲಲಿಲ್ಲ. ಪರೀಕ್ಷೆ ಮಾಡಿದಾಗ ಮಿದುಳುಕಾಂಡದಲ್ಲಿ ಗಡ್ಡೆ ಸಿಕ್ಕಿತು. ಆಪರೇಷನ್ ಮಾಡಿ ತೆಗೆಯಲಾಗದ ಜಾಗ ಅದು. ಈ ಕಾಯಿಲೆ ಇವತ್ತಿಗೂ ವೈದ್ಯರ ಕೈಗೆ ಸಿಕ್ಕಿಲ್ಲ. ವಿಕಿರಣ ಕೊಟ್ಟು ಕೆಲವು ತಿಂಗಳು ಉಸಿರಾಡಲು ಅವಕಾಶ ಮಾಡಿಕೊಡುತ್ತೇವೆ, ಅಷ್ಟೇ. ಕರೆನ್‌ಗೂ ವಿಕಿರಣ ಕೊಟ್ಟರು. ನಡೆಯೋದನ್ನೇ ಮರೆತಿದ್ದ ಮಗು ಮತ್ತೆ ತೆವಳಿ, ಮತ್ತೆ ಎದ್ದು ನಡೆಯಿತು. ಆಮೇಲೆ ಕಾಯಿಲೆ ತಿರುಗಿ ಬಂತು. 1962ರ ಜನವರಿ 28ರಂದು ನ್ಯುಮೋನಿಯಾ ಆಗಿ ಮನೆಯಲ್ಲೇ ಹೋದಳು. ಮೂರು ವರ್ಷ ತುಂಬಲು ಇನ್ನೂ ಎರಡೂವರೆ ತಿಂಗಳಿತ್ತು. ಆ ದಿನ ನೀಲ್ ಮತ್ತು ಜಾನೆಟ್ ಮದುವೆಯಾಗಿ ಸರಿಯಾಗಿ ಆರು ವರ್ಷ. ಅವರ ಜೀವನಚರಿತ್ರೆಯಲ್ಲಿ ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ ಆ ಮನೆಯಲ್ಲಿ ಮದುವೆಯ ದಿನ ಅಂತ ಒಂದು ಬೇರೆ ದಿನವೇ ಉಳಿಯಲಿಲ್ಲ ಅಲ್ವಾ.

ತಂದೆ ಹೆಚ್ಚು ದಿನ ರಜೆ ಹಾಕದೆ ಕೆಲಸಕ್ಕೆ ಮರಳಿದರು. ಸಹೋದ್ಯೋಗಿಗಳ ಜೊತೆ ಮಗಳ ಮಾತೇ ಇಲ್ಲ. ಎಷ್ಟರ ಮಟ್ಟಿಗೆ ಅಂದರೆ, ಮುಂದೆ ವರ್ಷಗಟ್ಟಲೆ ಅವರ ಜೊತೆ ಕೆಲಸ ಮಾಡಿದ ಕೆಲವರಿಗೆ ಇವರಿಗೊಬ್ಬ ಮಗಳಿದ್ದಳು ಅನ್ನೋದೇ ಗೊತ್ತಿರಲಿಲ್ಲ. ಇದು ನಿಜ.

ಬ್ರೇಸ್‌ಲೆಟ್ ವಿಷಯಕ್ಕೆ ಆಧಾರ ಇಲ್ಲ. ಚಂದ್ರನ ಮೇಲೆ ನಡೆದಾಡಿದ ಎರಡೂವರೆ ಗಂಟೆಯ ಕೊನೆಯ ಭಾಗದಲ್ಲಿ ಆರ್ಮ್‌ಸ್ಟ್ರಾಂಗ್ ಸುಮಾರು 60 ಮೀಟರ್ ದೂರದ ಒಂದು ಗುಂಡಿಯ ಹತ್ತಿರ ಓಡಿದ್ದು ನಿಜ. ಅದು ಮೊದಲೇ ಹಾಕಿಕೊಂಡ ಯೋಜನೆಯಲ್ಲಿ ಇರಲಿಲ್ಲ. ಅಲ್ಲಿ ಫೋಟೋ ತೆಗೆದರು, ವಾಪಸ್ ಬಂದರು. ಗಗನಯಾತ್ರಿಗಳಿಗೆ ಸ್ವಂತ ಸಾಮಾನು ಒಯ್ಯಲು ಒಂದು ಸಣ್ಣ ಚೀಲ ಇರುತ್ತಿತ್ತು. ರೈಟ್ ಸಹೋದರರ 1903ರ ವಿಮಾನದ ಮರದ ಚೂರು, ಬಟ್ಟೆಯ ತುಂಡು ಒಯ್ದಿದ್ದು ಎಲ್ಲರಿಗೂ ಗೊತ್ತು. ಮಗಳದ್ದು ಏನಾದರೂ ಇತ್ತು ಅಂತ ಅವರು ಎಂದೂ ಹೇಳಲಿಲ್ಲ. ಅವರ ಜೀವನಚರಿತ್ರೆ ಬರೆದ ಜೇಮ್ಸ್ ಹ್ಯಾನ್ಸೆನ್, ಆರ್ಮ್‌ಸ್ಟ್ರಾಂಗ್ ತಂಗಿಯನ್ನು ಇದೇ ಪ್ರಶ್ನೆ ಕೇಳಿದ್ದರು. ಆಕೆ ‘ಹೌದು’ ಅನ್ನಲಿಲ್ಲ. ಹಾಗೆ ಆಗಿರಲಿ ಅಂತ ಮನಸಾರೆ ಆಸೆಪಡುತ್ತೇನೆ ಎಂಬರ್ಥದ ಮಾತು ಹೇಳಿದರು. ಸಿನಿಮಾ ಮಾಡಿದವರು ಆ ಆಸೆಯನ್ನು ದೃಶ್ಯ ಮಾಡಿದರು.

ಆ ದೃಶ್ಯ ನೋಡಿ ನಾನೂ ಅತ್ತಿದ್ದೇನೆ. ಆದರೆ ವೃತ್ತಿಯಿಂದ ನೋಡುವಾಗ ಅದರ ಬಗ್ಗೆ ನನಗೊಂದು ತಕರಾರಿದೆ. ಮೌನವಾಗಿರುವ ಗಂಡಸಿಗೆ ಕೊನೆಯಲ್ಲಿ ಒಂದು ದೊಡ್ಡ ಗಳಿಗೆ ಬರುತ್ತದೆ, ಆಗ ಎಲ್ಲವೂ ಹೊರಗೆ ಬರುತ್ತದೆ ಅನ್ನೋ ನಂಬಿಕೆಯನ್ನು ಅದು ಕೊಡುತ್ತದೆ. ಹೆಂಡತಿಯರು ಆ ಗಳಿಗೆಗಾಗಿ ಕಾಯುತ್ತಾರೆ. ಬಹಳ ಮನೆಗಳಲ್ಲಿ ಅದು ಬರೋದೇ ಇಲ್ಲ. ಅಲ್ಲಿ ಬರುವುದು ತಿಂಗಳಿಗೊಮ್ಮೆ ಸೈಕಲ್ ಪಂಪು.

ಅದೇ ಸಿನಿಮಾದಲ್ಲಿ ನನಗೆ ಹೆಚ್ಚು ನಿಜ ಅನ್ನಿಸಿದ್ದು ಬೇರೆ. ಮಗು ಬದುಕಿರುವಾಗ ಅಪ್ಪ ಒಂದು ನೋಟ್‌ಬುಕ್ಕಿನಲ್ಲಿ ಅವಳ ಚಿಕಿತ್ಸೆಯ ವಿವರ ಬರೆದುಕೊಳ್ಳುತ್ತಾನೆ. ಇಂಜಿನಿಯರ್ ಲೆಕ್ಕ ಬರೆದ ಹಾಗೆ. ಅಂತ್ಯಸಂಸ್ಕಾರದ ದಿನ ಮನೆ ತುಂಬ ಜನ ಇರುವಾಗ ರೂಮಿಗೆ ಹೋಗಿ, ಪರದೆ ಎಳೆದು, ಒಬ್ಬನೇ ಬಿಕ್ಕಿ ಬಿಕ್ಕಿ ಅಳುತ್ತಾನೆ. ಬ್ರೇಸ್‌ಲೆಟ್ಟನ್ನು ಮೇಜಿನ ಡ್ರಾಯರಿನಲ್ಲಿಟ್ಟು ಮುಚ್ಚುತ್ತಾನೆ. ಇಂಥ ನೋಟ್‌ಬುಕ್ಕು ನನ್ನ ಮುಂದೆ ಎಷ್ಟೋ ಸಲ ಬಂದಿದೆ. ಒಬ್ಬ ತಂದೆ ಮಗ ಹೋದ ಎರಡು ವರ್ಷದ ಮೇಲೆ ಒಂದು ಫೈಲ್ ತಂದು ನನ್ನ ಮೇಜಿನ ಮೇಲಿಟ್ಟರು. ಪ್ಲೇಟ್‌ಲೆಟ್ ಎಣಿಕೆ, ಜ್ವರದ ಅಳತೆ, ಬಿಲ್ಲು, ರಕ್ತ ಕೊಟ್ಟವರ ಹೆಸರು, ಎಲ್ಲ ತಾರೀಕಿನ ಪ್ರಕಾರ. ಕೊನೆಯ ಹಾಳೆಯಲ್ಲಿ ತಾರೀಕು ಮಾತ್ರ ಇತ್ತು. ಅದರ ಮುಂದೆ ಏನೂ ಬರೆದಿರಲಿಲ್ಲ. ಅವರು ಒಂದು ಹನಿ ಕಣ್ಣೀರು ಹಾಕಲಿಲ್ಲ. ‘ಎಲ್ಲಾ ಸರಿ ಇದೆಯಾ ನೋಡಿ ಮೇಡಂ, ನಾನೇನಾದ್ರೂ ತಪ್ಪಿಸಿದ್ನಾ’ ಅಂತ ಕೇಳಿದರು.

ಈಗ ಮತ್ತೆ ನಿಮ್ಮ ಮನೆಯ ಸೈಕಲ್ ನೆನಪಿಸಿಕೊಳ್ಳಿ.

ದುಃಖ ಕೆಲವರಲ್ಲಿ ಮಾತು, ಕಣ್ಣೀರಾಗಿ ಬರುತ್ತದೆ. ಕೆಲವರಲ್ಲಿ ಕೈಕೆಲಸವಾಗಿ, ಲೆಕ್ಕವಾಗಿ, ರಿಪೇರಿಯಾಗಿ ಬರುತ್ತದೆ. ಗಂಡಸರಲ್ಲಿ ಎರಡನೆಯದು ಜಾಸ್ತಿ, ಆದರೆ ಗಂಡಸರಲ್ಲಿ ಮಾತ್ರ ಅಲ್ಲ. ಒಂದು ಆಳ, ಇನ್ನೊಂದು ತೆಳು ಅಂತೇನೂ ಇಲ್ಲ. ಟೈರಿನಲ್ಲಿ ಗಾಳಿ ಇಳಿಯಲು ಬಿಡದ ಮನುಷ್ಯನಿಗೆ ಮಗಳ ಮೇಲೆ ಕಾಳಜಿ ಇರಲಿಲ್ಲ ಅಂತ ನಾನು ನಂಬಲಾರೆ. ಮಗಳಿಗಾಗಿ ಮಾಡಬಹುದಾದ ಕೆಲಸ ಅಂತ ಅವರಿಗೆ ಉಳಿದಿರುವುದು ಅದೊಂದೇ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ದೊಡ್ಡವರು ಹೋದರೆ ಗಂಡಸಿಗೆ ಕೈತುಂಬ ಕೆಲಸ. ಹನ್ನೊಂದು, ಹನ್ನೆರಡು, ಹದಿಮೂರನೇ ದಿನ, ಮಾಸಿಕ, ವರ್ಷದ ತಿಥಿ. ಬೇಕೋ ಬೇಡವೋ ಹೋದವರ ಹೆಸರು ಹೇಳಲೇಬೇಕು. ಚಿಕ್ಕ ಮಗು ಹೋದರೆ ಬಹಳಷ್ಟು ಮನೆಗಳಲ್ಲಿ ಮಣ್ಣು ಮಾಡಿ ಬರುತ್ತಾರೆ, ಅಷ್ಟಕ್ಕೇ ಮುಗಿಯಿತು. ತಿಥಿ ಇಲ್ಲ. ಹೆಸರು ಹೇಳುವ ದಿನವೇ ಇಲ್ಲ. ಅದರ ಮೇಲೆ ‘ನೀನೇ ಹೀಗಾದ್ರೆ ಅವಳ ಗತಿ ಏನು’ ಅಂತ ಬಂದವರೆಲ್ಲ ಗಂಡಸಿನ ಬೆನ್ನು ತಟ್ಟಿ ಹೋಗುತ್ತಾರೆ. ನಿಮ್ಮವರು ಆ ಮಾತನ್ನು ಮೂರು ವರ್ಷದಿಂದ ಪಾಲಿಸುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ನೀವು ಅವರ ಮೌನ ನೋಡಿ ಬೇಯುತ್ತೀರಿ, ಅವರು ನಿಮ್ಮ ಕಣ್ಣೀರಿಗೆ ಹೆದರುತ್ತಾರೆ. ಹೆಸರು ಕೇಳಿದ ತಕ್ಷಣ ಎದ್ದು ಹೋಗುವುದು ಬಹುಪಾಲು ಹೆದರಿಕೆಯಿಂದ. ಎದುರಿಗಿದ್ದವರ ಮೇಲಿನ ಸಿಟ್ಟಿನಿಂದ ಅಲ್ಲ.

‘ಒಳಗೇ ಇಟ್ಟುಕೊಂಡರೆ ಒಂದು ದಿನ ಒಡೆಯುತ್ತದೆ’ ಅನ್ನೋದು ಬಹಳ ಹಳೆಯ ನಂಬಿಕೆ. ಎಲ್ಲರೂ ಅತ್ತು ಮಾತಾಡಿ ಮುಗಿಸಲೇಬೇಕು ಅನ್ನುವುದಕ್ಕೆ ಸಂಶೋಧನೆಯಲ್ಲಿ ಗಟ್ಟಿ ಆಧಾರ ಸಿಕ್ಕಿಲ್ಲ. ದುಃಖಕ್ಕೆ ಐದು ಹಂತ ಅಂತ ನೀವು ಎಲ್ಲಾದರೂ ಓದಿರಬಹುದು. ಆ ಐದು ಹಂತದ ಪುಸ್ತಕ ಬಂದಿದ್ದು 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷವೇ. ಅದು ತಾವೇ ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ ಬರೆದದ್ದು. ಮಕ್ಕಳನ್ನು ಕಳೆದುಕೊಂಡವರ ದಾರಿನಕ್ಷೆ ಅಲ್ಲ. ನಾನು ವಾರ್ಡಿನಲ್ಲಿ ಕಂಡಿದ್ದಕ್ಕೆ ಹೆಚ್ಚು ಹೊಂದುವುದು 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಸಂಶೋಧಕರು ಹೇಳಿದ ಮಾತು. ಮನಸ್ಸು ಒಮ್ಮೆ ನೋವಿನ ಕಡೆ ಹೋಗುತ್ತದೆ, ಒಮ್ಮೆ ಬದುಕಿನ ಕೆಲಸದ ಕಡೆ ಹೋಗುತ್ತದೆ. ಹೋಗಿ ಬರುತ್ತಾ ಇರುವುದೇ ಆರೋಗ್ಯ. ಒಂದೇ ಕಡೆ ಕೂತುಬಿಟ್ಟರೆ ತೊಂದರೆ. ನೀವು ನೋವಿನ ಕಡೆ ಜಾಸ್ತಿ ಇದ್ದೀರಿ, ಅವರು ಕೆಲಸದ ಕಡೆ. ನಲ್ಲಿ ತಿರುಗಿಸಿ ನಿಂತ ರಾತ್ರಿ ಅವರು ಈ ಕಡೆ ಬಂದಿದ್ದರು. ಸದ್ದು ನಿಮಗೆ ಕೇಳಬಾರದು ಅಂತ ನೀರು ಬಿಟ್ಟಿದ್ದರು ಅಂತ ನನ್ನ ಊಹೆ.

ಹಾಗಂತ ಮೌನಕ್ಕೆ ತೆರಬೇಕಾದ ಬೆಲೆಯೇ ಇಲ್ಲ ಅಂತ ನಾನು ಹೇಳಲಾರೆ. ಇಲ್ಲಿ ಸಿನಿಮಾ ಬದಲಿಸಿದ ಇನ್ನೊಂದು ವಿಷಯ ಹೇಳಬೇಕು. ಶುರುವಿನಲ್ಲಿ ನೀಲ್ ಹಾರಿಸುತ್ತಿದ್ದ ಎಕ್ಸ್-15 ಎಂಬ ರಾಕೆಟ್ ವಿಮಾನ ವಾತಾವರಣದ ಮೇಲೆ ಪುಟಿದು ಕೆಳಗಿಳಿಯದೆ ಹೋಗುವ ದೃಶ್ಯ ಇದೆಯಲ್ಲ, ಸಿನಿಮಾದಲ್ಲಿ ಅದು ಮಗು ಬದುಕಿರುವಾಗ ನಡೆಯುತ್ತದೆ. ನಿಜದಲ್ಲಿ ಅದು ನಡೆದದ್ದು 1962ರ ಏಪ್ರಿಲ್ 20ಕ್ಕೆ. ಮಗಳು ಹೋಗಿ ಮೂರು ತಿಂಗಳೂ ಆಗಿರಲಿಲ್ಲ. ಅದೇ ಏಪ್ರಿಲ್, ಮೇ ತಿಂಗಳಲ್ಲಿ ಅವರ ಹಾರಾಟದಲ್ಲಿ ಇನ್ನೂ ಎರಡು ಅವಘಡ ಆದವು. ದುಃಖವೇ ಕಾರಣ ಅಂತ ಯಾರೂ ಸಾಬೀತು ಮಾಡಲಾರರು. ಆದರೆ ದುಃಖದಲ್ಲಿರುವವರ ಗಮನ ಜಾರುತ್ತದೆ, ನಿದ್ದೆ ಕೆಡುತ್ತದೆ. ಇದು ನಮಗೆ ದಿನವೂ ಕಾಣುವ ವಿಷಯ. ನಿಮ್ಮವರ ಕೆಲಸ ಕರೆಂಟಿನ ಜೊತೆ. ಹಾಗಾಗಿ ‘ಯಾಕೆ ಅಳಲ್ಲ’ ಅಂತ ಕೇಳುವ ಮೊದಲು ‘ರಾತ್ರಿ ನಿದ್ದೆ ಬರ್ತಿದೆಯಾ’ ಅಂತ ಕೇಳಿ. ಇಂಥವರು ಎರಡನೇ ಪ್ರಶ್ನೆಗೆ ಉತ್ತರ ಕೊಡುತ್ತಾರೆ.

ಡೈವೋರ್ಸ್ ವಿಷಯ. ಮಗು ಸತ್ತರೆ ನೂರಕ್ಕೆ ಎಂಬತ್ತು ಮದುವೆ ಮುರಿಯುತ್ತವೆ ಅನ್ನೋ ಮಾತು ಎಲ್ಲ ಕಡೆ ಓಡಾಡುತ್ತದೆ. ಅದು ಸುಳ್ಳು. ಅಮೆರಿಕದಲ್ಲಿ ಮಕ್ಕಳನ್ನು ಕಳೆದುಕೊಂಡವರ ಸಂಘವೊಂದು 2006ರಲ್ಲಿ ಕೇಳಿ ನೋಡಿದಾಗ ಬೇರೆಯಾದವರು ಶೇ 16. ಆರ್ಮ್‌ಸ್ಟ್ರಾಂಗ್ ದಂಪತಿ ಮಗಳು ಹೋದ ಮೇಲೆ ಇಪ್ಪತ್ತೆಂಟು ವರ್ಷ ಜೊತೆಗಿದ್ದರು. ಜಾನೆಟ್ ಮನೆ ಬಿಟ್ಟಿದ್ದು 1990ರಲ್ಲಿ, ಕಾನೂನಿನ ಪ್ರಕಾರ ಬೇರೆಯಾದದ್ದು 1994ರಲ್ಲಿ. ನಡುವೆ ಏನೇನಿತ್ತು ನೋಡಿ. 1966ರ ಫೆಬ್ರವರಿಯಲ್ಲಿ ಗೆಳೆಯ, ಗಗನಯಾತ್ರಿ ಎಲಿಯಟ್ ಸೀ ಅವರು ವಿಮಾನ ಬಿದ್ದು ಸತ್ತರು. ಮರುತಿಂಗಳೇ ಜೆಮಿನಿ-8 ನೌಕೆ ಬುಗುರಿಯಂತೆ ತಿರುಗಿ ನೀಲ್ ಸಾವಿನ ಬಾಯಿಂದ ಬಂದರು. 1967ರ ಜನವರಿ 27ಕ್ಕೆ ಪಕ್ಕದ ಮನೆಯ ಗಗನಯಾತ್ರಿ ಎಡ್ ವೈಟ್ ಅಪೊಲೊ-1 ನೌಕೆಯ ಬೆಂಕಿಯಲ್ಲಿ ಹೋದರು. ಮಗಳು ಹೋಗಿ ಐದು ವರ್ಷ ತುಂಬುವ ಹಿಂದಿನ ದಿನ ಅದು. ವರ್ಷಗಟ್ಟಲೆ ಮನೆಯಲ್ಲಿ ಇಲ್ಲದ ಗಂಡ, ಆಮೇಲೆ ಹೊರಲಾರದಷ್ಟು ಹೆಸರು. ಇಷ್ಟನ್ನೆಲ್ಲ ಬಿಟ್ಟು ಒಂದು ಸಾವಿನ ತಲೆಗೆ ಕಟ್ಟುವುದು ನ್ಯಾಯ ಅಲ್ಲ. ಆದರೆ ಒಂದು ಮಾತು ಒಪ್ಪುತ್ತೇನೆ: ಉತ್ತರವೇ ಬಾರದ ಮನೆಯಲ್ಲಿ ಬಾಳುವುದು ಬಹಳ ದಣಿವು. ನೀವು ದಣಿದಿದ್ದೀರಿ. ನಿಮ್ಮ ಅಕ್ಷರದಲ್ಲೇ ಕಾಣುತ್ತದೆ.

ಹಾಗಾದರೆ ಏನು ಮಾಡಬಹುದು?

ಪೂರ್ತಿ ಬಿಟ್ಟುಬಿಡುವುದು ಒಂದು ದಾರಿ. ಅವರಿಗೆ ಅದರಿಂದ ದೊಡ್ಡ ಅಪಾಯ ಇಲ್ಲದಿರಬಹುದು. ಅಪಾಯ ನಿಮಗೆ, ಅದಕ್ಕಿಂತ ಜಾಸ್ತಿ ನಿಮ್ಮ ಮಗನಿಗೆ. ತಂಗಿ ಹೋದಾಗ ಅವನಿಗೆ ಏಳು ವರ್ಷ. ಅವನಿಗೆ ಎಲ್ಲ ನೆನಪಿರುತ್ತದೆ. ಅಪ್ಪನೆದುರು ಅವಳ ಹೆಸರು ಹೇಳಬಾರದು ಅಂತ ಅವನು ಆಗಲೇ ಕಲಿತಿರಬಹುದು. ‘ನಾನು ಅವಳ ಜೊತೆ ಜಗಳ ಆಡಿದ್ದಕ್ಕೇ ಹೀಗಾಯ್ತು’ ಅಂತ ಮೂರು ವರ್ಷ ಒಳಗಿಟ್ಟುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಅವನ ಜೊತೆ ನೀವು ಇವತ್ತೇ ಮಾತಾಡಬಹುದು. ಅದಕ್ಕೆ ಗಂಡನ ಒಪ್ಪಿಗೆ ಕಾಯಬೇಡಿ.

ಹಟ ಹಿಡಿದು ಎದುರು ಕೂರಿಸುವುದು ಎರಡನೆಯದು. ‘ಇವತ್ತು ನೀವು ಮಾತಾಡಲೇಬೇಕು’ ಅಂದರೆ ನಿಮ್ಮವರಂಥವರು ಇನ್ನಷ್ಟು ಒಳಗೆ ಹೋಗುತ್ತಾರೆ. ಸಿನಿಮಾದಲ್ಲಿ ಗೆಳೆಯ ಹತ್ತಿರ ಬಂದಾಗ, ಯಾರ ಜೊತೆಗಾದರೂ ಮಾತಾಡಲಿಕ್ಕೆ ನಾನಿಲ್ಲಿ ಅಂಗಳದಲ್ಲಿ ನಿಂತಿದ್ದೇನಾ ಅಂತ ಕೇಳಿ ನೀಲ್ ಹೊರಟುಬಿಡುತ್ತಾನೆ ನೋಡಿ, ಹಾಗೆ. ಹಟ ಮಾಡುವುದೇ ಆದರೆ ಕಣ್ಣೀರಿಗಾಗಿ ಮಾಡಬೇಡಿ, ಒಂದು ಕೆಲಸಕ್ಕಾಗಿ ಮಾಡಿ. ಅದೇ ಸಿನಿಮಾದಲ್ಲಿ, ಚಂದ್ರನ ಕಡೆ ಹೊರಡುವ ಮುಂಚೆ ಜಾನೆಟ್ ಗಂಡನನ್ನು ಮಕ್ಕಳೆದುರು ಕೂರಿಸುತ್ತಾಳೆ. ವಾಪಸ್ ಬರದೇ ಇರಬಹುದು ಅಂತ ನೀನೇ ಅವರಿಗೆ ಹೇಳು ಅನ್ನುತ್ತಾಳೆ. ಅವನು ಅಳುವುದಿಲ್ಲ. ಆದರೆ ಕೂರುತ್ತಾನೆ, ಮಕ್ಕಳ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ನೀವೂ ಹೀಗೆ ಹೇಳಿ ನೋಡಿ: ‘ಮಗ ಅವಳ ವಿಷಯ ಕೇಳ್ತಿದ್ದಾನೆ. ಆಸ್ಪತ್ರೆಯಲ್ಲಿ ಏನಾಯ್ತು ಅಂತ ನೀವೇ ಅವನಿಗೆ ಹೇಳಬೇಕು.’ ಇಂಥ ಬೇಡಿಕೆಯನ್ನು ಬಹಳ ಅಪ್ಪಂದಿರು ತಳ್ಳಿಹಾಕುವುದಿಲ್ಲ.

ನಾನು ಮೊದಲು ಪ್ರಯತ್ನಿಸಿ ಅನ್ನೋದು ಮೂರನೆಯದನ್ನು. ಎದುರು ಕೂರದೆ ಪಕ್ಕದಲ್ಲಿ ಇರಿ. ಗಾಡಿಯಲ್ಲಿ ಹೋಗುವಾಗ, ಪಾತ್ರೆ ತೊಳೆದು ಒರೆಸುವಾಗ, ಅಂದರೆ ಮುಖ ಮುಖ ನೋಡಬೇಕಾಗಿಲ್ಲದ ಹೊತ್ತಿನಲ್ಲಿ. ಪ್ರಶ್ನೆ ಕೇಳಬೇಡಿ. ಮಗಳ ಹೆಸರನ್ನು ದಿನದ ಮಾತಿನೊಳಗೆ ಹಾಗೇ ತನ್ನಿ. ‘ಅವಳಿಗೆ ಈ ಚಿತ್ರಾನ್ನ ಇಷ್ಟ ಇತ್ತು’ ಅಂತ ಹೇಳಿ ಮುಂದಿನ ಮಾತಿಗೆ ಹೋಗಿ. ಅವರು ಎದ್ದು ಹೋದರೆ ಹೋಗಲಿ, ಹಿಂದೆ ಹೋಗಬೇಡಿ. ಎರಡು ವಾರ ಬಿಟ್ಟು ಮತ್ತೆ ಹೇಳಿ. ಇದರ ಅಪಾಯ ಏನೆಂದರೆ ಫಲ ನಿಧಾನ, ನಿಮ್ಮ ತಾಳ್ಮೆ ಮುಗಿದುಹೋಗಬಹುದು. ಹಾಗಾಗಿ ನಿಮ್ಮ ಅಳು ಕೇಳಲು ಬೇರೆ ಒಬ್ಬರು ಬೇಕೇ ಬೇಕು. ಅಕ್ಕನೋ, ಗೆಳತಿಯೋ, ನಮ್ಮಂಥ ಆಪ್ತಸಮಾಲೋಚಕರೋ. ಎಲ್ಲವನ್ನೂ ಗಂಡನಿಂದಲೇ ಪಡೆಯಬೇಕು ಅಂತ ಹೊರಟರೆ ಇಬ್ಬರೂ ಸೋಲುತ್ತೀರಿ.

ಒಂದು ದಿನ ಗೊತ್ತುಮಾಡಿಕೊಳ್ಳಿ ಅಂತಲೂ ಹೇಳುತ್ತೇನೆ. ತಿಥಿ ಇಲ್ಲದಿದ್ದರೆ ಹುಟ್ಟುಹಬ್ಬ ಇರಲಿ. ಅವಳು ಓದುತ್ತಿದ್ದ ಅಂಗನವಾಡಿಗೆ ಏನಾದರೂ ಕೊಡುವುದು, ರಕ್ತ ಕೊಡುವುದು, ಒಂದು ಗಿಡ. ಮಾತಿಲ್ಲದವರಿಗೆ ಇಂಥ ಕೆಲಸ ಸುಲಭ. ಕೆಲಸವನ್ನು ಅವರಿಗೇ ವಹಿಸಿ.

ಆಪ್ತಸಮಾಲೋಚನೆಗೆ ಮೊದಲು ನೀವೊಬ್ಬರೇ ಹೋಗಿ. ಗಂಡನನ್ನು ಎಳೆದುಕೊಂಡು ಹೋದರೆ ಒಂದೇ ದಿನಕ್ಕೆ ನಿಲ್ಲುತ್ತದೆ. ‘ಅತ್ತುಬಿಡಿ, ಎಲ್ಲಾ ಹೊರಗೆ ಹಾಕಿ’ ಅಂತ ಮೊದಲ ದಿನವೇ ಒತ್ತಾಯಿಸುವವರಿದ್ದರೆ ಬೇರೆಯವರನ್ನು ನೋಡಿ. ದುಃಖಕ್ಕೆ ಮಾತ್ರೆ ಇಲ್ಲ. ಖಿನ್ನತೆ ಸೇರಿಕೊಂಡಿದ್ದರೆ ಮನೋವೈದ್ಯರು ಔಷಧಿ ಕೊಡುತ್ತಾರೆ, ಅದು ಉಪಯೋಗ ಆಗುತ್ತದೆ.

ನೀವು ಬರೆದಿದ್ದರ ಪ್ರಕಾರ ಅವರು ಕೆಲಸಕ್ಕೆ ಹೋಗುತ್ತಿದ್ದಾರೆ, ಮನೆ ನಡೆಸುತ್ತಿದ್ದಾರೆ, ನಿಮ್ಮ ಜೊತೆ ಕೂತು ಸಿನಿಮಾ ನೋಡುತ್ತಾರೆ. ಇದು ಕಾಯಿಲೆಯ ಹಾಗೆ ನನಗೆ ಕಾಣುತ್ತಿಲ್ಲ. ಆದರೆ ಹೊಸದಾಗಿ ಕುಡಿತ ಶುರುವಾದರೆ, ವಾರಗಟ್ಟಲೆ ನಿದ್ದೆ ಬರದಿದ್ದರೆ, ಗಾಡಿಯನ್ನು ಜೀವದ ಹಂಗಿಲ್ಲದಂತೆ ಓಡಿಸಿದರೆ, ‘ನಾನಿದ್ದು ಏನು’ ಅನ್ನೋ ಮಾತು ಬಂದರೆ ನಿಧಾನದ ದಾರಿ ಬಿಟ್ಟುಬಿಡಿ. ಅದೇ ದಿನ ವೈದ್ಯರ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಮಾತು ನಿಮಗೂ ಅನ್ವಯಿಸುತ್ತದೆ.

ಕೊನೆಗೆ ಒಂದು ಸಣ್ಣ ಕೆಲಸ. ಮುಂದಿನ ಸಲ ಅವರು ಪಂಪು ತೆಗೆದಾಗ ಒಳಗೆ ಹೋಗಬೇಡಿ. ಅಲ್ಲೇ ಮೆಟ್ಟಿಲ ಮೇಲೆ ಕೂತುಕೊಳ್ಳಿ. ಏನೂ ಹೇಳಬೇಕಾಗಿಲ್ಲ. ಟ್ಯೂಬಿನ ವಾಲ್ವಿಗೆ ಒಂದು ಪುಟ್ಟ ಮುಚ್ಚಳ ಇರುತ್ತದಲ್ಲ, ಕಡಲೆಕಾಳಿನಷ್ಟು. ಗಾಳಿ ಹೊಡೆಯುವಾಗ ಅದನ್ನು ತೆಗೆದು ನೆಲದ ಮೇಲಿಟ್ಟರೆ ಉರುಳಿ ಹೋಗುತ್ತದೆ. ಕೈ ಚಾಚಿ ಅದನ್ನು ನೀವು ಹಿಡಿದುಕೊಳ್ಳಿ. ಗಾಳಿ ತುಂಬಿದ ಮೇಲೆ ವಾಪಸ್ ಕೊಡಿ.